ವಾಹನ ಪ್ರಶ್ನೋತ್ತರ: ಹರಿದ ಆಕ್ಸಲ್ ಬೂಟು ಮತ್ತು ಮನೆಯಂಗಳದ ದುರಸ್ತಿ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು, ಅಂದರೆ ಮುಂದಿನ ಚಕ್ರದ ಆಕ್ಸಲಿನ ಕೀಲನ್ನು (ಜಾಯಿಂಟನ್ನು) ಮುಚ್ಚಿರುವ ರಬ್ಬರ್ ಬೂಟು ಹರಿಯುವುದನ್ನು ಕುರಿತಿರುವುದರಿಂದ ಅಂಕಣದ ಪೂರ್ತಿ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ತೀರ್ಥಹಳ್ಳಿಯ ಪತ್ರಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ. ಉಳಿದ ಮೂವರೂ ಆ ಉತ್ತರವನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿರುವುದು 2004ರ ಮಾರುತಿ 800. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರು ಮಣ್ಣುದಾರಿಯಿದೆ. ಕಳೆದ ವಾರ ಪಂಕ್ಚರಿಗೆಂದು ಎಡಗಡೆಯ ಮುಂದಿನ ಚಕ್ರ ಬಿಚ್ಚಿದಾಗ ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸು ಸಿಡಿದಿರುವುದು ಕಂಡಿತು. ಚಕ್ರದ ಕಡೆಯ ಆಕ್ಸಲ್ ಬೂಟು ಒಂದು ಮಡಿಕೆಯಲ್ಲಿ ಅರ್ಧ ಸುತ್ತಿನಷ್ಟು ಹರಿದಿದೆ. ಗಾಡಿ ಓಡಿಸುವಾಗ ಇನ್ನೂ ಯಾವ ಶಬ್ದವೂ ಬರುವುದಿಲ್ಲ. ಪೇಟೆಯ ಮೆಕ್ಯಾನಿಕ್ ಒಬ್ಬರು ಇಡೀ ಆಕ್ಸಲನ್ನೇ ಬದಲಿಸಬೇಕೆಂದರು. ತೋಟದ ಪಂಪು, ಔಷಧಿ ಹೊಡೆಯುವ ಯಂತ್ರ, ಟಿಲ್ಲರ್ ಇವುಗಳ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಬೂಟನ್ನಷ್ಟೇ ಮನೆಯಲ್ಲಿ ಬದಲಿಸಿಕೊಳ್ಳಲು ಸಾಧ್ಯವೇ? ಆರಿದ್ರಾ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕೆಂದಿದ್ದೇನೆ.
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಧ್ಯ. ಶಬ್ದ ಹುಟ್ಟುವ ಮೊದಲೇ ನೀವು ಹರಿದ ಬೂಟನ್ನು ಕಂಡಿರುವುದರಿಂದ, ಜಾಯಿಂಟ್ ಇನ್ನೂ ಕೆಡದೆ ಉಳಿದಿರುವ ಸಂಭವ ಹೆಚ್ಚು. ಬೂಟು, ಗ್ರೀಸು, ಕ್ಲಿಪ್ಪುಗಳ ಕಿಟ್ಟಿಗೆ ನೂರರ ಲೆಕ್ಕದಲ್ಲಿ ಖರ್ಚಾದರೆ ಇಡೀ ಆಕ್ಸಲಿಗೆ ಸಾವಿರದ ಲೆಕ್ಕದಲ್ಲಿ ಆಗುತ್ತದೆ. ಮೆಕ್ಯಾನಿಕ್ ಹಾಗೆ ಹೇಳಿದ್ದಕ್ಕೂ ಕಾರಣವಿದೆ. ಬೂಟು ಬದಲಿಸಲು ಆಕ್ಸಲನ್ನು ಹೊರತೆಗೆಯಲೇಬೇಕು. ತೆಗೆದ ಮೇಲೆ ತೊಳೆದು, ಪರೀಕ್ಷಿಸಿ, ಹೊಸ ಬೂಟು ಕೂರಿಸಲು ಅರ್ಧ ದಿನ ಬೇಕು. ಹೊಸ ಆಕ್ಸಲನ್ನಾದರೆ ನೇರವಾಗಿ ಸೇರಿಸಿಬಿಡಬಹುದು. ಅವರ ಸಮಯಕ್ಕೆ ಬೆಲೆಯಿದೆ. ಆದರೆ ನಿಮ್ಮ ಗಾಡಿಗೆ ಅಷ್ಟು ಖರ್ಚು ಈಗಲೇ ಅಗತ್ಯವೆಂದು ನನಗೆ ತೋರುವುದಿಲ್ಲ.

ಈ ಬೂಟಿನ ಕೆಲಸವೇನೆಂದು ಮೊದಲು ತಿಳಿಯೋಣ. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದುದರಿಂದ ಮುಂದಿನ ಚಕ್ರಗಳು ತಿರುಗಿಕೊಟ್ಟರೆ ಸಾಕಾಗಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯಬೇಕು, ಅವೇ ಎಡಬಲಕ್ಕೆ ಹೊರಳಬೇಕು, ಗುಂಡಿ ಬಂದರೆ ಮೇಲಕ್ಕೂ ಕೆಳಕ್ಕೂ ಆಡಬೇಕು. ಅದಕ್ಕಾಗಿ ಡ್ರೈವ್ ಶಾಫ್ಟಿನ, ಅಂದರೆ ಆಕ್ಸಲಿನ, ಎರಡೂ ತುದಿಗೆ ಒಂದೊಂದು ಕೀಲು ಇರುತ್ತದೆ. ಚಕ್ರದ ಕಡೆಯ ಜಾಯಿಂಟಿನಲ್ಲಿ ಬಟ್ಟಲಿನಂಥ ಕಪ್ಪಿನೊಳಗೆ ಆರು ಉಕ್ಕಿನ ಗುಂಡುಗಳು ಕೊರೆದ ದಾರಿಗಳಲ್ಲಿ ಉರುಳುತ್ತಾ, ಚಕ್ರ ಎಷ್ಟು ಓರೆಯಾದರೂ ತಿರುಗುವ ವೇಗವನ್ನು ಏರುಪೇರಿಲ್ಲದೆ ದಾಟಿಸುತ್ತವೆ. ಗೇರ್‌ಬಾಕ್ಸಿನ ಕಡೆಯ ಜಾಯಿಂಟು ಓರೆಯಾಗುವುದು ಕಡಿಮೆ. ಸಸ್ಪೆನ್ಷನ್ ಆಡಿದಂತೆ ಶಾಫ್ಟು ಒಳಕ್ಕೂ ಹೊರಕ್ಕೂ ಜಾರಲು ಅದು ಅವಕಾಶ ಕೊಡುತ್ತದೆ. ಎರಡಕ್ಕೂ ಗ್ರೀಸೇ ಜೀವ. ಆ ಗ್ರೀಸನ್ನು ಒಳಗೆ ಹಿಡಿದಿಟ್ಟು ನೀರು ಮಣ್ಣನ್ನು ಹೊರಗೇ ತಡೆಯುವ, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲವೇ ಬೂಟು.

ನಮ್ಮ ಸೀಮೆಯಲ್ಲಿ ಅದು ಬೇಗ ಸೋಲುತ್ತದೆ. ಚಕ್ರವನ್ನು ಪೂರ್ತಿ ಹೊರಳಿಸಿದಾಗ ಹೊರಗಿನ ಬೂಟಿನ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಮಡಿಕೆ ಮಡಿಕೆಗೆ ಉಜ್ಜುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಅದು ಎಷ್ಟು ಸಲ ಹಿಗ್ಗಿ ಕುಗ್ಗುತ್ತದೆಂದು ಯೋಚಿಸಿ. ಮೈದಾನದ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಈ ಪಾಡಿಲ್ಲ. ಇಪ್ಪತ್ತು ವರ್ಷದ ರಬ್ಬರು ಮೊದಲೇ ಗಡುಸಾಗಿರುತ್ತದೆ. ಮಡಿಕೆಯ ತಗ್ಗಿನಲ್ಲಿ ಕೂದಲೆಳೆಯಂಥ ಬಿರುಕಾಗಿ ಹುಟ್ಟಿದ್ದು ಒಂದು ದಿನ ಬಾಯಿ ಬಿಡುತ್ತದೆ. ನಿಮ್ಮ ಗಾಡಿಯ ಹನ್ನೆರಡು ಇಂಚಿನ ರಿಮ್ಮಿನ ಚಕ್ರ 60 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 600ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ರಭಸಕ್ಕೆ ಗ್ರೀಸು ಬಿರುಕಿನಿಂದ ಸಿಡಿದು ರಿಮ್ಮಿಗೆ ಬಡಿಯುತ್ತದೆ. ನೀವು ಕಂಡ ಕಪ್ಪು ಅದೇ. ಗ್ರೀಸು ಹೋದ ಜಾಗಕ್ಕೆ ಮಳೆನೀರಿನೊಡನೆ ಜಂಬಿಟ್ಟಿಗೆಯ ಕೆಂಪು ಹರಳು ನುಗ್ಗಿದರೆ ಉಳಿದ ಗ್ರೀಸಿನಲ್ಲಿ ಕಲಸಿ ಗುಂಡುಗಳ ದಾರಿಯನ್ನು ಅರೆಯತೊಡಗುತ್ತದೆ. ಆದ್ದರಿಂದ ಆರಿದ್ರಾ ಹಿಡಿಯುವವರೆಗೂ ಕಾಯದೆ ಈ ವಾರವೇ ಮಾಡಿ, ಅಲ್ಲಿಯವರೆಗೆ ಗಾಡಿಯನ್ನು ಮಣ್ಣುದಾರಿಗೆ ಇಳಿಸಬೇಡಿ.

ಸಾಮಾನು ಕೊಳ್ಳುವಾಗ ಗಾಡಿಯ ಮಾದರಿ ಮತ್ತು ವರ್ಷ ಹೇಳಿ ಹೊರಗಿನ ಬೂಟು, ಒಳಗಿನ ಬೂಟು ಎರಡನ್ನೂ ತನ್ನಿ. ಹರಿದಿರುವುದು ಹೊರಗಿನದಾದರೂ ಸುಜುಕಿಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಚಕ್ರದ ಕಡೆಯ ಜಾಯಿಂಟನ್ನು ಶಾಫ್ಟಿನಿಂದ ಬಿಚ್ಚುವ ಹಾಗಿಲ್ಲ. ಗೇರ್‌ಬಾಕ್ಸಿನ ಕಡೆಯದನ್ನು ಬಿಚ್ಚಿ, ಒಳಗಿನ ಬೂಟನ್ನು ಜಾರಿಸಿ ತೆಗೆದು, ಅದೇ ದಾರಿಯಲ್ಲಿ ಹೊರಗಿನ ಬೂಟನ್ನೂ ತೆಗೆಯಬೇಕು. ಹೇಗೂ ಕೈಗೆ ಬಂದ ಒಳಗಿನ ಹಳೆಯ ಬೂಟನ್ನೇ ಮತ್ತೆ ಹಾಕಿ, ಆರು ತಿಂಗಳಿಗೆ ಅದು ಹರಿದು, ಇದೇ ಕೆಲಸವನ್ನು ಇನ್ನೊಮ್ಮೆ ಮಾಡುವುದು ಬೇಡ. ಕಿಟ್ಟಿನಲ್ಲಿ ಹೊಸ ಕ್ಲಿಪ್ಪುಗಳೂ ಗ್ರೀಸಿನ ಪೊಟ್ಟಣವೂ ಇರಬೇಕು. ಶಿವಮೊಗ್ಗಕ್ಕೆ ಬರುವುದಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಅಂಗಡಿಗಳಲ್ಲಿ ವಿಚಾರಿಸಿ. ರಬ್ಬರನ್ನು ಬೆರಳಲ್ಲಿ ಮಡಚಿ, ಮಡಿಕೆಯ ತಗ್ಗಿನಲ್ಲಿ ಬಿರುಕಿಲ್ಲವೆಂದು ನೋಡಿಯೇ ಕೊಳ್ಳಿ. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಬೂಟು ಹೊಸದಾದರೂ ಹಳೆಯದೇ. ಜೊತೆಗೆ ಗೇರ್‌ಬಾಕ್ಸಿನ ಆಯಿಲ್ ಸೀಲ್, ಹೊಸ ಸ್ಪ್ಲಿಟ್ ಪಿನ್ (ನಟ್ ಸಡಿಲವಾಗದಂತೆ ತಡೆಯುವ ಕಡ್ಡಿ) ಮತ್ತು ಗೇರ್ ಆಯಿಲ್ ಇರಲಿ. ಉಪಕರಣಗಳಲ್ಲಿ ನಿಮ್ಮಲ್ಲಿ ಇರಲಾರದ್ದೆಂದರೆ ಹಬ್ ನಟ್ಟಿನ (ಆಕ್ಸಲಿನ ತುದಿಯನ್ನು ಚಕ್ರದ ನಡುಭಾಗವಾದ ಹಬ್ಬಿಗೆ ಬಿಗಿಯುವ ನಟ್) ದೊಡ್ಡ ಸಾಕೆಟ್, ಉದ್ದ ಹಿಡಿಯ ಬಾರ್, ಸರ್ಕ್ಲಿಪ್ (ಕಾಲುವೆಯಲ್ಲಿ ಕೂರುವ ಉಕ್ಕಿನ ಉಂಗುರ) ಬಿಡಿಸುವ ಇಕ್ಕಳ ಮತ್ತು ಬಿಗಿತವನ್ನು ಅಳೆದು ಕೊಡುವ ಟಾರ್ಕ್ ರೆಂಚ್. ಟಾರ್ಕ್ ರೆಂಚನ್ನು ಒಂದು ದಿನದ ಮಟ್ಟಿಗೆ ಯಾರಿಂದಾದರೂ ಕೇಳಿ ತರಬಹುದು.

ಇನ್ನು ಗಾಡಿ ಎತ್ತುವ ವಿಷಯ. ನಮ್ಮ ಕಡೆ ಅಂಗಳದ ಮೂಲೆಯಲ್ಲಿ ಜಂಬಿಟ್ಟಿಗೆ ಕಲ್ಲು ಸದಾ ಬಿದ್ದಿರುತ್ತದೆ, ಗಾಡಿಗೆ ಅದನ್ನೇ ಒತ್ತುಗಲ್ಲಾಗಿ ಕೊಡುವ ರೂಢಿಯೂ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಜಂಬಿಟ್ಟಿಗೆ ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆಯೇ ಹೊರತು ಚಾಸಿಯ ಅಂಚು ಒಂದೇ ಕಡೆ ಒತ್ತಿದರೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಟೊಳ್ಳು ಸಿಮೆಂಟ್ ಇಟ್ಟಿಗೆಯೂ ಅಷ್ಟೇ. ಉಕ್ಕಿನ ಸ್ಟ್ಯಾಂಡುಗಳನ್ನೇ ಬಳಸಿ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಅಂಗಳ ಮಣ್ಣಿನದಾದರೆ ಜಾಕಿಯ ಮತ್ತು ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಕೊಡಿ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಅದನ್ನು ಎಳೆದ ಮೇಲೂ ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟಿಗೆ ಕೊಡಬೇಕು.

ಚಕ್ರ ನೆಲದ ಮೇಲಿರುವಾಗಲೇ ಹಬ್ ನಟ್ ಸಡಿಲಿಸಿಕೊಳ್ಳಿ, ಏಕೆಂದರೆ ಗಾಡಿಯನ್ನು ಎತ್ತಿದ ಮೇಲೆ ಅಷ್ಟು ಬಲ ಹಾಕುವುದು ಅಪಾಯ. ಕೆಲವು ಗಾಡಿಗಳಲ್ಲಿ ನಟ್ಟಿಗೆ ಸ್ಪ್ಲಿಟ್ ಪಿನ್ ಇರುತ್ತದೆ; ಇನ್ನು ಕೆಲವುಗಳಲ್ಲಿ ನಟ್ಟಿನ ಅಂಚನ್ನು ಶಾಫ್ಟಿನ ಕಾಲುವೆಗೆ ತಟ್ಟಿ ಕೂರಿಸಿರುತ್ತಾರೆ. ತಟ್ಟಿದ್ದಾದರೆ ಆ ಅಂಚನ್ನು ಪೂರ್ತಿ ಎಬ್ಬಿಸದೆ ತಿರುಗಿಸಿದರೆ ಶಾಫ್ಟಿನ ಮರೆ (ನಟ್ ಹತ್ತುವ ತಿರುಪಿನ ಸುತ್ತು) ಕೆಡುತ್ತದೆ, ಅಂಥ ನಟ್ಟನ್ನು ಮತ್ತೆ ಬಳಸುವಂತೆಯೂ ಇಲ್ಲ. ಒಬ್ಬರು ಬ್ರೇಕ್ ತುಳಿದು ಕೂರಲಿ, ನೀವು ಉದ್ದ ಬಾರಿಗೆ ಕಬ್ಬಿಣದ ಪೈಪು ತೊಡಿಸಿ ಒಂದೇ ಸಮನೆ ಒತ್ತಿ. ಮರೆಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಒಳ್ಳೆಯದು.

ಗಾಡಿ ಎತ್ತಿ ಚಕ್ರ ತೆಗೆದ ಮೇಲೆ ಗೇರ್ ಆಯಿಲನ್ನು ಶುಭ್ರವಾದ ಬೋಗುಣಿಗೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಆಕ್ಸಲ್ ಈಚೆ ಬಂದ ಕೂಡಲೇ ಅದು ಅಂಗಳಕ್ಕೆ ಸುರಿಯುತ್ತದೆ. ಆಮೇಲೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬಾಲ್ ಜಾಯಿಂಟನ್ನು, ಹಬ್ಬನ್ನು ಹೊತ್ತಿರುವ ನಕಲ್‌ನಿಂದ ಬಿಡಿಸಬೇಕು. ಹೆಚ್ಚಿನ ಸುಜುಕಿ ಗಾಡಿಗಳಲ್ಲಿ ಅಲ್ಲಿ ಒಂದು ಅಡ್ಡ ಬೋಲ್ಟ್ ಇರುತ್ತದೆ. ಅದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು, ಏಕೆಂದರೆ ಬಾಲ್ ಜಾಯಿಂಟಿನ ಕಡ್ಡಿಯಲ್ಲಿರುವ ಕಾಲುವೆಯೊಳಗೆ ಅದು ಹಾದುಹೋಗಿರುತ್ತದೆ. ಸ್ಟೆಬಿಲೈಜರ್ ಬಾರ್ ಬಿಗಿಯಾಗಿ ಹಿಡಿದು ಆರ್ಮ್ ಕೆಳಗಿಳಿಯದಿದ್ದರೆ ಆ ಬಾರಿನ ಬ್ರಾಕೆಟ್ಟುಗಳನ್ನು ಸಡಿಲಿಸಿ, ಹಾರೆಯಿಂದ ಆರ್ಮನ್ನು ಕೆಳಕ್ಕೆ ಒತ್ತಿ. ನಕಲನ್ನು ಹೊರಕ್ಕೆ ವಾಲಿಸುವಾಗ ಬ್ರೇಕಿನ ರಬ್ಬರ್ ನಳಿಗೆಯ ಮೇಲೆ ಕಣ್ಣಿರಲಿ. ಅದು ಎಳೆದು ಜಗ್ಗಬಾರದು. ಶಾಫ್ಟಿನ ತುದಿ ಹಬ್ಬಿನಿಂದ ಜಾರದಿದ್ದರೆ ಹಳೆಯ ನಟ್ಟನ್ನು ತುದಿಗೆ ಸಮನಾಗಿ ತಿರುಗಿಸಿ, ಮೇಲೆ ಮರದ ತುಂಡು ಹಿಡಿದು ತಟ್ಟಿ. ಬರಿಯ ಮರೆಯ ಮೇಲೆ ಸುತ್ತಿಗೆಯ ಏಟು ಬಿದ್ದರೆ ಆಮೇಲೆ ಹೊಸ ನಟ್ ಹತ್ತುವುದಿಲ್ಲ.

ಒಳಗಿನ ತುದಿಯನ್ನು ಗೇರ್‌ಬಾಕ್ಸಿನೊಳಗೆ ಒಂದು ಸಣ್ಣ ಉಂಗುರ ಹಿಡಿದಿರುತ್ತದೆ. ಜಾಯಿಂಟಿನ ಕಪ್ಪಿಗೂ ಗೇರ್‌ಬಾಕ್ಸಿನ ಮೈಗೂ ನಡುವೆ ಚಪ್ಪಟೆ ಮೀಟುಗೋಲು ಕೊಟ್ಟು ಸಣ್ಣದಾಗಿ ಒಮ್ಮೆ ಮೀಟಿದರೆ ಟಕ್ಕೆಂದು ಬಿಡುತ್ತದೆ. ಶಾಫ್ಟನ್ನು ಹಿಡಿದು ಎಂದಿಗೂ ಜಗ್ಗಬೇಡಿ. ಹಾಗೆ ಜಗ್ಗಿದರೆ ಒಳಗಿನ ಜಾಯಿಂಟು ಬೂಟಿನೊಳಗೇ ಕಳಚಿಕೊಳ್ಳುತ್ತದೆ. ಕಪ್ಪನ್ನು ಹಿಡಿದು ನೇರವಾಗಿ ಹೊರಗೆಳೆದು, ಗೇರ್‌ಬಾಕ್ಸಿನ ತೂತಿಗೆ ಶುಭ್ರವಾದ ಬಟ್ಟೆ ತುರುಕಿ. ಆಕ್ಸಲ್ ಹೊರಗಿರುವಾಗ ಗಾಡಿಯನ್ನು ಚಕ್ರದ ಮೇಲೆ ಇಳಿಸಿ ತಳ್ಳಬಾರದು. ಹಬ್ ನಟ್ಟಿನ ಬಿಗಿತವಿಲ್ಲದೆ ಭಾರ ಬಿದ್ದರೆ ಚಕ್ರದ ಬೇರಿಂಗು ಕೆಡುತ್ತದೆ.

ಇಲ್ಲಿಂದ ಮುಂದಕ್ಕೆ ಬಲದ ಕೆಲಸ ಮುಗಿಯಿತು, ಶುಚಿಯ ಕೆಲಸ ಶುರುವಾಯಿತು. ನನ್ನ ಅನುಭವದಲ್ಲಿ ಮನೆಯಲ್ಲಿ ಮಾಡಿದ ಕೆಲಸ ಕೆಡುವುದು ಬಹುಪಾಲು ಈ ಹಂತದಲ್ಲಿ. ಅಡಿಕೆ ಒಣಗಿಸಿದ ಅಂಗಳದ ಧೂಳಿನಲ್ಲಿ ಜಾಯಿಂಟನ್ನು ಬಿಚ್ಚಬೇಡಿ; ಜಗಲಿಯ ಮೇಲೆ ಹಳೆಯ ಪತ್ರಿಕೆಗಳನ್ನು ನಾಲ್ಕು ಪದರ ಹಾಸಿ ಕೂರಿ. ಕ್ಲಿಪ್ ಕತ್ತರಿಸುವ ಮೊದಲು ಶಾಫ್ಟಿನ ಹೊರಮೈಯ ಮಣ್ಣನ್ನೆಲ್ಲ ಒರೆಸಿ. ಒಳಗಿನ ಕಪ್ಪು, ಶಾಫ್ಟು, ಅದರ ತುದಿಯ ಜೋಡಣೆ ಮೂರಕ್ಕೂ ಒಂದೇ ಸಾಲಿನಲ್ಲಿ ಬಣ್ಣದ ಗೆರೆ ಎಳೆದುಕೊಳ್ಳಿ. ಮೊಳೆ ಹೊಡೆದು ಗುರುತು ಮಾಡಬೇಡಿ. ಬೂಟನ್ನು ಹಿಂದಕ್ಕೆ ಜಾರಿಸಿ ಕಪ್ ತೆಗೆದಾಗ ಒಳಗೆ ಮೂರು ಉರುಳೆಗಳ ಟ್ರೈಪಾಡ್ ಇದ್ದರೆ ಆ ಉರುಳೆಗಳು ಬೀಳದಂತೆ ಸುತ್ತ ಟೇಪು ಸುತ್ತಿ, ಅವುಗಳೊಳಗೆ ಸೂಜಿಯಂಥ ಸಣ್ಣ ಬೇರಿಂಗುಗಳಿರುತ್ತವೆ. ಗುಂಡುಗಳ ಬಗೆಯದಾದರೆ ಕಪ್ಪಿನ ಬಾಯಿಯ ಒಳಗಡೆ ದೊಡ್ಡ ತಂತಿಯ ಉಂಗುರವೊಂದಿರುತ್ತದೆ, ಅದನ್ನು ಮೊದಲು ತೆಗೆಯದೆ ಕಪ್ ಬರುವುದಿಲ್ಲ. ಶಾಫ್ಟಿನ ತುದಿಯ ಸರ್ಕ್ಲಿಪ್ ಬಿಡಿಸಿ ಜೋಡಣೆಯನ್ನು ಹಿತ್ತಾಳೆಯ ಸರಳಿನಿಂದ ಮೆಲ್ಲಗೆ ತಟ್ಟಿ ತೆಗೆದರೆ ಎರಡೂ ಬೂಟುಗಳು ಜಾರಿ ಈಚೆ ಬರುತ್ತವೆ.

ಈಗ ಹೊರಗಿನ ಜಾಯಿಂಟಿನ ಪರೀಕ್ಷೆ. ನಿಮ್ಮ ಖರ್ಚು ಎಷ್ಟೆಂಬುದು ತೀರ್ಮಾನವಾಗುವುದು ಇಲ್ಲಿ. ಹಳೆಯ ಗ್ರೀಸನ್ನು ಚಿಂದಿಯಿಂದ ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡಿ. ಬರಿಯ ಕಪ್ಪು ಗ್ರೀಸು ಬೆಣ್ಣೆಯಂತೆ ಜಾರಿದರೆ ಸಮಾಧಾನ. ಮರಳು ಸಿಕ್ಕಿದರೆ, ಅಥವಾ ನೀರು ಬೆರೆತು ಬೂದು ಬಣ್ಣಕ್ಕೆ ತಿರುಗಿದ್ದರೆ, ತೊಳೆಯುವುದರಲ್ಲಿ ಅವಸರ ಬೇಡ. ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ನಾಲ್ಕಾರು ಸಲ, ಪ್ರತಿಸಲ ಹೊಸ ಎಣ್ಣೆ ಹಾಕಿ ಅಲುಗಿಸುತ್ತಾ ತೊಳೆಯಿರಿ. ಬೂಟನ್ನು ಮಾತ್ರ ಸೀಮೆಎಣ್ಣೆಗೂ ಪೆಟ್ರೋಲಿಗೂ ಸೋಕಿಸಬೇಡಿ, ರಬ್ಬರು ಉಬ್ಬಿ ಹಾಳಾಗುತ್ತದೆ. ತೊಳೆದ ಜಾಯಿಂಟನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಒಳಗೆ ಉಳಿದ ಸೀಮೆಎಣ್ಣೆ ಹೊಸ ಗ್ರೀಸನ್ನು ನೀರಾಗಿಸುತ್ತದೆ. ಅನಂತರ ಕಪ್ಪನ್ನು ಒಂದೊಂದೇ ದಿಕ್ಕಿಗೆ ಪೂರ್ತಿ ಓರೆ ಮಾಡಿದರೆ ಗುಂಡುಗಳು ಒಂದೊಂದಾಗಿ ಮೇಲಕ್ಕೆ ಬಂದು ಮುಖ ತೋರಿಸುತ್ತವೆ. ಬ್ಯಾಟರಿ ಬೆಳಕಿನಲ್ಲಿ ಆರನ್ನೂ, ಅವುಗಳ ದಾರಿಗಳನ್ನೂ ನೋಡಿ. ಗುಂಡು ಉರುಳಿದ ಕಡೆ ಹೊಳೆಯುವ ಪಟ್ಟಿ ಇರುವುದು ಸಹಜ. ಉಗುರಿನಿಂದ ಸವರಿದಾಗ ಉಗುರು ತಡೆಯುವಂಥ ಕಚ್ಚು ಸಿಕ್ಕಿದರೆ, ಗುಂಡಿನ ಮೈಯಲ್ಲಿ ಸಿಡುಬಿನ ಕಲೆಯಂಥ ಗುಳಿ ಬಿದ್ದಿದ್ದರೆ, ಅಥವಾ ಉಕ್ಕು ಕಾದು ನೀಲಿಯಾಗಿದ್ದರೆ ಆ ಜಾಯಿಂಟಿಗೆ ಹೊಸ ಬೂಟು ಹಾಕಿ ಪ್ರಯೋಜನವಿಲ್ಲ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಮಾತೇ ಸರಿ.

ಗ್ರೀಸಿನ ವಿಷಯದಲ್ಲಿ ರಾಜಿ ಬೇಡ. ಪಂಪಿಗೂ ಗಾಡಿಯ ನಿಪ್ಪಲ್ಲಿಗೂ ಹಾಕುವ ಹಳದಿ ಗ್ರೀಸು ಮನೆಯಲ್ಲಿದೆಯೆಂದು ಅದನ್ನೇ ತುಂಬಿದವರನ್ನು ಕಂಡಿದ್ದೇನೆ. ಹೊರಗಿನ ಜಾಯಿಂಟಿನಲ್ಲಿ ಗುಂಡು ಮತ್ತು ದಾರಿಯ ನಡುವೆ ಬೀಳುವ ಒತ್ತಡವನ್ನು ತಡೆಯಲು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸೇ ಬೇಕು. ಒಳಗಿನ ಜಾಯಿಂಟಿಗೆ ಕಿಟ್ಟಿನಲ್ಲಿ ಬೇರೆ ಬಣ್ಣದ ಗ್ರೀಸು ಕೊಟ್ಟಿದ್ದರೆ ಎರಡನ್ನೂ ಬೆರೆಸದೆ ಅದದಕ್ಕೆ ಅದದನ್ನೇ ಹಾಕಿ. ಸಣ್ಣ ಕಾರಿನ ಒಂದು ಜಾಯಿಂಟಿಗೆ ಸುಮಾರು 50ರಿಂದ 100 ಗ್ರಾಂ ಬೇಕಾಗುತ್ತದೆ. ಪೊಟ್ಟಣದಲ್ಲಿ ಇರುವಷ್ಟನ್ನು ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಮೊದಲು ಹೆಬ್ಬೆರಳಿನಿಂದ ಗುಂಡುಗಳ ಸಂದಿಗೆ ಒತ್ತಿ ತುಂಬಿ, ಉಳಿದುದನ್ನು ಬೂಟಿನೊಳಗೆ ಹಾಕಿ.

ಹೊಸ ಬೂಟನ್ನು ತೊಡಿಸುವ ಮೊದಲು ಶಾಫ್ಟಿನ ಹಲ್ಲುಗಳ ಮೇಲೆ ವೈರಿಂಗಿನ ಟೇಪನ್ನು ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಆ ಹಲ್ಲುಗಳ ಅಂಚು ಬೂಟಿನ ಸಣ್ಣ ಬಾಯಿಯನ್ನು ಗೀರುತ್ತದೆ. ಉಂಗುರದಂಥ ಕ್ಲಿಪ್ಪುಗಳಾದರೆ ಸಣ್ಣದು ಬೂಟಿಗಿಂತ ಮುಂಚೆ ಶಾಫ್ಟಿಗೆ ಏರಿರಬೇಕು. ಎಲ್ಲ ಸೇರಿಸಿದ ಮೇಲೆ ಮರೆತದ್ದು ನೆನಪಾದರೆ ಮತ್ತೆ ಬಿಚ್ಚದೆ ದಾರಿಯಿಲ್ಲ. ಬೂಟಿನ ಎರಡೂ ಬಾಯಿ ಶಾಫ್ಟಿನ ಮತ್ತು ಕಪ್ಪಿನ ಮೇಲಿರುವ ಕಾಲುವೆಗೆ ಸರಿಯಾಗಿ ಕೂತಿವೆಯೆಂದು ಸುತ್ತಲೂ ಬೆರಳಾಡಿಸಿ ನೋಡಿ, ಅಲ್ಲಿ ಗ್ರೀಸು ಅಂಟಿದ್ದರೆ ಒರೆಸಿ. ದೊಡ್ಡ ಕ್ಲಿಪ್ ಬಿಗಿದ ಮೇಲೆ, ಸಣ್ಣದನ್ನು ಬಿಗಿಯುವ ಮೊದಲು, ಜಾಯಿಂಟನ್ನು ಅದರ ಓಡಾಟದ ನಡುವಿನಲ್ಲಿಟ್ಟು ಮೊಂಡು ಸ್ಕ್ರೂಡ್ರೈವರನ್ನು ಸಣ್ಣ ಬಾಯಿಯ ಕೆಳಗೆ ತೂರಿಸಿ ಒಳಗಿನ ಗಾಳಿಯನ್ನು ಸಮಮಾಡಿ. ಬೂಟು ತಿರುಚಿಕೊಳ್ಳದೆ, ಒಳಕ್ಕೆ ಕುಸಿಯದೆ, ಉಬ್ಬದೆ ತನ್ನ ಸಹಜ ಆಕಾರದಲ್ಲಿ ನಿಂತಿರಬೇಕು. ಪಟ್ಟಿಯಂಥ ಕ್ಲಿಪ್ಪಾದರೆ ಅದರ ಬಾಲವನ್ನು ಮುಂದಕ್ಕೆ ಓಡುವಾಗ ಶಾಫ್ಟು ತಿರುಗುವ ದಿಕ್ಕಿಗೆ ಎದುರಾಗಿ ಮಡಚಬೇಕು.

ಮತ್ತೆ ಜೋಡಿಸುವುದು ತೆಗೆದ ಕ್ರಮಕ್ಕೆ ತಿರುಗುಮುರುಗು. ಸರ್ಕ್ಲಿಪ್ ತನ್ನ ಕಾಲುವೆಯಲ್ಲಿ ಪೂರ್ತಿ ಕೂತಿರಲಿ. ಗೇರ್‌ಬಾಕ್ಸಿನ ಸೀಲಿನ ತುಟಿಗೆ ಚೂರು ಗ್ರೀಸು ಸವರಿ, ಶಾಫ್ಟಿನ ಹಲ್ಲು ಸೀಲನ್ನು ಕೊರೆಯದಂತೆ ನೇರವಾಗಿ ತೂರಿಸಿ. ಉಂಗುರ ಕೂತ ಟಕ್ಕೆಂಬ ಸದ್ದು ಕೇಳಬೇಕು, ಕಪ್ಪನ್ನು ಹಿಡಿದು ಎಳೆದರೆ ಬರಬಾರದು. ಬಾಲ್ ಜಾಯಿಂಟಿನ ಬೋಲ್ಟನ್ನು ಮರೆಯಬೇಡಿ. ಚಕ್ರ ಮೇಲಿರುವಾಗಲೇ, ಒಬ್ಬರಿಂದ ಬ್ರೇಕ್ ತುಳಿಸಿ ಹಬ್ ನಟ್ಟನ್ನು ಚೆನ್ನಾಗಿ ಬಿಗಿದು, ಗಾಡಿಯನ್ನು ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ ಕೊಡಿ. ಸಣ್ಣ ಕಾರುಗಳಲ್ಲಿ ಇದು ಹೆಚ್ಚಾಗಿ 150ರಿಂದ 250 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಯನ್ನೇ ಅನುಸರಿಸಿ. ಕೈಯಂದಾಜಿನಲ್ಲಿ ಬಿಗಿಯುವ ನಟ್ ಇದಲ್ಲ. ಹೊಸ ಸ್ಪ್ಲಿಟ್ ಪಿನ್ ಹಾಕಿ, ಗೇರ್ ಆಯಿಲನ್ನು ಗಾಡಿ ಸಮತಟ್ಟಾಗಿರುವಾಗ ಲೆವೆಲ್ ತೂತಿನವರೆಗೆ ತುಂಬಿ. ಮೊದಲ ಸಲ ಮಾಡುವವರಿಗೆ ಒಂದು ಕಡೆಯ ಆಕ್ಸಲಿಗೆ ಇಡೀ ದಿನ ಹಿಡಿಯುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಅವಸರದಿಂದ ಮುಗಿಸುವ ಬದಲು ಮರುದಿನಕ್ಕೆ ಉಳಿಸಿ. ನಾಲ್ಕೈದು ದಿನ ಓಡಿಸಿದ ಮೇಲೆ ಮತ್ತೆ ಬಗ್ಗಿ ನೋಡಿದಾಗ ಕ್ಲಿಪ್ಪಿನ ಸುತ್ತ ಗ್ರೀಸು ಒಸರಿರಬಾರದು, ಗೇರ್‌ಬಾಕ್ಸಿನ ಬುಡದಲ್ಲಿ ಎಣ್ಣೆಯ ಪಸೆ ಇರಬಾರದು.

ಪ್ರಶ್ನೆ: ಸರ್, ನನ್ನ ಹಳೆಯ ಸ್ಯಾಂಟ್ರೋ ಕಾರಿಗೆ ಕಳೆದ ಮಳೆಗಾಲದ ಕೊನೆಯಲ್ಲಿ ಆಕ್ಸಲ್ ಬಿಚ್ಚದೆಯೇ, ಸೀಳಿದ ಬೂಟನ್ನು ಸುತ್ತಿ ಅಂಟು ಹಾಕಿ ಕೂರಿಸಿಕೊಟ್ಟಿದ್ದರು. ಮೂರೇ ತಿಂಗಳಿಗೆ ಅಂಟು ಬಿಟ್ಟಿತು. ಮತ್ತೆ ಬೇರೆ ಕಡೆ ಪೂರ್ತಿ ಬೂಟು ಹಾಕಿಸಿದೆ, ಅದೂ ಈಗ ಹರಿದಿದೆ. ತಪ್ಪು ಎಲ್ಲಿದೆ?
– ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಅಂಟಿಸುವ ಬೂಟಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಅಂಟು ಹಿಡಿಯಬೇಕಾದರೆ ಎರಡೂ ಅಂಚು ಗ್ರೀಸಿನ ಸೋಂಕಿಲ್ಲದೆ ಒಣಗಿರಬೇಕು. ಗ್ರೀಸು ತುಂಬಿದ ಜಾಯಿಂಟಿನ ಮೇಲೆಯೇ, ಆಕ್ಸಲ್ ಗಾಡಿಯಲ್ಲಿರುವಾಗಲೇ, ಅದೂ ನಮ್ಮ ಮಳೆಗಾಲದ ತೇವದಲ್ಲಿ ಅದನ್ನು ಸಾಧಿಸುವುದು ಬಹಳ ಕಷ್ಟ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಜಾಯಿಂಟನ್ನು ತೊಳೆಯಲು, ನೋಡಲು ಅಲ್ಲಿ ಅವಕಾಶವೇ ಇಲ್ಲ. ಒಳಗೆ ಸೇರಿದ ಮಣ್ಣು ಒಳಗೇ ಉಳಿಯುತ್ತದೆ. ದೂರದ ಊರಿನಲ್ಲಿ ಸಿಕ್ಕಿಬಿದ್ದಾಗ ಮನೆ ತಲುಪಲು ಅದು ಸರಿ, ಅಷ್ಟಕ್ಕೇ.

ಎರಡನೆಯದು ಹರಿದದ್ದಕ್ಕೆ ಬೂಟನ್ನೇ ನೋಡದೆ ಒಂದೇ ಕಾರಣ ಹೇಳಲಾರೆ. ಆದರೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ, ನಿಮಗೆ ಉಪಯೋಗವಾಗಬಹುದು. ನಾನು ಕೆಲಸ ಕಲಿತ ಹೊಸತರಲ್ಲಿ ಹೊಸನಗರದ ಕಡೆಯ ಗಾಡಿಯೊಂದಕ್ಕೆ ಒಳ್ಳೆಯ ಬೂಟನ್ನೇ ತೊಡಿಸಿ, ಎರಡೂ ಕ್ಲಿಪ್ಪನ್ನು ಒಂದರ ಹಿಂದೊಂದು ಬಿಗಿದು ಕಳುಹಿಸಿದ್ದೆ. ಎರಡು ತಿಂಗಳಿಗೆ ಗಾಡಿ ವಾಪಸು ಬಂತು. ಬಿಚ್ಚಿ ನೋಡಿದರೆ ಬೂಟಿನ ಮಧ್ಯದ ಎರಡು ಮಡಿಕೆಗಳು ಒಳಕ್ಕೆ ಕುಸಿದು, ತಿರುಗುವ ಶಾಫ್ಟಿಗೂ ಕಪ್ಪಿನ ಅಂಚಿಗೂ ಸಿಕ್ಕಿ, ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿ ತುಂಡಾಗಿದ್ದವು. ಗಾಳಿ ಸಮಮಾಡದೆ ಬಿಗಿದದ್ದೇ ಅದಕ್ಕೆ ಕಾರಣ. ಆ ಗಾಡಿಯವರಿಗೆ ಹೊಸ ಬೂಟನ್ನು ನನ್ನ ಖರ್ಚಿನಲ್ಲಿ ಹಾಕಿಕೊಟ್ಟೆ. ನಿಮ್ಮ ಬೂಟು ಹರಿದ ರೀತಿಯನ್ನು ಗಮನಿಸಿ. ಮಡಿಕೆ ನೇರವಾಗಿ ಕತ್ತರಿಸಿದಂತಿದ್ದರೆ ಅದು ಒಳಗೆ ಸಿಕ್ಕಿಹಾಕಿಕೊಂಡಿತ್ತು. ಕ್ಲಿಪ್ಪಿನ ಜಾಗದಲ್ಲೇ ಕೊಯ್ದಿದ್ದರೆ ಕ್ಲಿಪ್ಪಿನ ಬದಲು ಕಬ್ಬಿಣದ ತಂತಿ ಸುತ್ತಿರಬಹುದು. ತಂತಿಯೂ ಪ್ಲಾಸ್ಟಿಕ್ ಟೈಯೂ ಈ ಕೆಲಸಕ್ಕೆ ಸಲ್ಲವು. ಎಲ್ಲ ಮಡಿಕೆಗಳಲ್ಲೂ ಒಣ ಬಿರುಕಿದ್ದರೆ ರಬ್ಬರೇ ಕಳಪೆ ಅಥವಾ ಹಳೆಯದು. ಅಂಚು ಸಣ್ಣ ಹಲ್ಲಿನಿಂದ ಕೊರೆದಂತೆ ಚೂರು ಚೂರಾಗಿದ್ದರೆ ಇಲಿಯ ಕೆಲಸ. ಗಾಡಿಯನ್ನು ಕೊಟ್ಟಿಗೆ ಅಥವಾ ಸೌದೆಯ ಮನೆಯ ಪಕ್ಕ ನಿಲ್ಲಿಸುವವರು ಇದನ್ನು ಕಾಣದವರಲ್ಲ.

ಪ್ರಶ್ನೆ: ನಮ್ಮ ಆಲ್ಟೋ ಕಾರನ್ನು ಪೂರ್ತಿ ಬಲಕ್ಕೆ ಹೊರಳಿಸಿ ಏರಿನಲ್ಲಿ ಎತ್ತುವಾಗ ಮುಂದಿನಿಂದ ಕಟ ಕಟ ಎಂಬ ಶಬ್ದ ಬರುತ್ತದೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ಬೂಟು ಹರಿದಿದೆ. ಹೊಸ ಬೂಟು, ಹೊಸ ಗ್ರೀಸು ಹಾಕಿದರೆ ಶಬ್ದ ನಿಲ್ಲುವುದೇ? ಗುಜರಿಯಲ್ಲಿ ಸಿಗುವ ಹಳೆಯ ಆಕ್ಸಲ್ ಹಾಕಿಸಬಹುದೇ?
– ಓದುಗರು, ಸಾಗರ

ಉತ್ತರ: ನಿಲ್ಲುವುದಿಲ್ಲ. ಹೊಸ ಗ್ರೀಸು ಕೆಲವು ದಿನ ಶಬ್ದವನ್ನು ಮುಚ್ಚಬಹುದು, ಸವೆದ ಉಕ್ಕನ್ನು ತುಂಬಿಕೊಡುವುದಿಲ್ಲ. ಹೊರಳಿಸಿ ಎಳೆಯುವಾಗ ಬರುವ ಕಟ ಕಟ ಶಬ್ದ ಹೊರಗಿನ ಜಾಯಿಂಟಿನದು. ಬಲಕ್ಕೆ ಹೊರಳಿಸಿದಾಗ ಹೆಚ್ಚಾದರೆ ಸಾಮಾನ್ಯವಾಗಿ ಎಡಗಡೆಯದನ್ನು, ಎಡಕ್ಕೆ ಹೊರಳಿಸಿದಾಗ ಹೆಚ್ಚಾದರೆ ಬಲಗಡೆಯದನ್ನು ಮೊದಲು ಸಂಶಯಿಸಬೇಕು, ಆದರೂ ಎರಡೂ ಕಡೆ ಪರೀಕ್ಷಿಸದೆ ಸಾಮಾನು ತರಬೇಡಿ. ಹೊರಳಿಸದೆ ನೇರ ರಸ್ತೆಯಲ್ಲಿ ಏರಿಗೆ ಎತ್ತುವಾಗ ಗಾಡಿ ಗಡಗಡ ನಡುಗಿದರೆ ಅದು ಹೆಚ್ಚಾಗಿ ಒಳಗಿನ ಜಾಯಿಂಟಿನ ಲಕ್ಷಣ. ನಿಮ್ಮದಕ್ಕೆ ಹೊರಗಿನ ಜಾಯಿಂಟು ಬಿಡಿಯಾಗಿ ಸಿಗದಿದ್ದರೆ ಆಕ್ಸಲನ್ನೇ ಬದಲಿಸಬೇಕು. ಗುಜರಿಯ ಆಕ್ಸಲ್ ಕೊಳ್ಳುವುದಾದರೆ ಹಲ್ಲುಗಳ ಸಂಖ್ಯೆ, ಉದ್ದ ಎರಡನ್ನೂ ನಿಮ್ಮ ಹಳೆಯದರ ಪಕ್ಕ ಇಟ್ಟು ಹೋಲಿಸಿ. ಕಪ್ಪನ್ನು ಬಿಗಿಯಾಗಿ ಹಿಡಿದು ಶಾಫ್ಟನ್ನು ಎಡಬಲಕ್ಕೆ ತಿರುಚಿದಾಗ ಕೈಗೆ ಲಡಲಡ ಸಿಗಬಾರದು. ಬೂಟು ಹರಿದು ಮಳೆಯಲ್ಲಿ ಬಿದ್ದಿದ್ದ ಆಕ್ಸಲನ್ನು ಯಾವ ಬೆಲೆಗೂ ತರಬೇಡಿ.

ಪ್ರಶ್ನೆ: ನಾನು ಹೆಣ್ಣುಮಗಳು, ಕೊಪ್ಪದಿಂದ ಶೃಂಗೇರಿಗೆ ದಿನವೂ ಹಳೆಯ ವ್ಯಾಗನ್ ಆರ್ ಓಡಿಸುತ್ತೇನೆ. ದುರಸ್ತಿ ನನ್ನಿಂದಾಗದು. ಬೂಟು ಹರಿಯುವ ಮೊದಲೇ ತಿಳಿಯುವ ಬಗೆ ಇದೆಯೇ? ಹರಿದ ಮೇಲೆ ಎಷ್ಟು ದೂರ ಓಡಿಸಬಹುದು?
– ಅಂಗನವಾಡಿ ಶಿಕ್ಷಕಿ, ಕೊಪ್ಪ

ಉತ್ತರ: ಇದೆ, ಚಕ್ರವನ್ನೂ ಬಿಚ್ಚಬೇಕಾಗಿಲ್ಲ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಹೊರಳಿಸಿ ಎಂಜಿನ್ ಆರಿಸಿ. ಬಲಗಡೆಯ ಮುಂದಿನ ಚಕ್ರದ ಹಿಂಬದಿ ಹೊರಕ್ಕೆ ಚಾಚಿಕೊಂಡಿರುವಾಗ, ಟೈರಿನ ಹಿಂದಿನ ಸಂದಿಯಿಂದ ಮೊಬೈಲಿನ ಬೆಳಕು ಬಿಟ್ಟರೆ ಕಪ್ಪು ಮಡಿಕೆಗಳ ಬೂಟು ಎದುರಿಗೇ ಕಾಣುತ್ತದೆ. ಆ ಕಡೆಯ ಮಡಿಕೆಯ ತಗ್ಗು ತೆರೆದುಕೊಂಡಿರುತ್ತದೆ. ಬಿರುಕು ಇದ್ದರೆ ಅಲ್ಲಿ ಸಣ್ಣ ಗೆರೆಯಾಗಿ ಕಾಣುತ್ತದೆ, ಹರಿದಿದ್ದರೆ ಸುತ್ತಲಿನ ಕಬ್ಬಿಣಕ್ಕೆ ಒದ್ದೆಯಾದ ಕಪ್ಪು ಹನಿಗಳು ಅಂಟಿರುತ್ತವೆ. ಗಾಡಿಯನ್ನು ಅರ್ಧ ಚಕ್ರದಷ್ಟು ಮುಂದೆ ಸರಿಸಿ ಮತ್ತೊಮ್ಮೆ ನೋಡಿ, ಎರಡನೆಯ ಸಲ ಬೂಟಿನ ಇನ್ನೊಂದು ಮಗ್ಗುಲು ಎದುರಾಗುತ್ತದೆ. ಎಡಗಡೆಯದಕ್ಕೆ ಸ್ಟೀರಿಂಗನ್ನು ಬಲಕ್ಕೆ ಹೊರಳಿಸಿ ಹೀಗೆಯೇ ನೋಡಿ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ ಒಮ್ಮೆ ಇದನ್ನು ಮಾಡಿ.

ಎಷ್ಟು ದೂರ ಎಂಬುದಕ್ಕೆ ಕಿಲೋಮೀಟರಿನ ಲೆಕ್ಕ ಕೊಡುವುದು ಸರಿಯಲ್ಲ. ಬೇಸಿಗೆಯಲ್ಲಿ, ಶಬ್ದವಿಲ್ಲದಿರುವಾಗ, ಡಾಂಬರಿನ ಮೇಲೆ ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜು ತಲುಪಬಹುದು, ಎರಡು ಮೂರು ದಿನ ಕಾಯಲೂಬಹುದು. ಮಳೆಗಾಲದಲ್ಲಿ, ಕೆಸರಿನಲ್ಲಿ ಅದೇ ಎರಡು ಮೂರು ದಿನದಲ್ಲಿ ಜಾಯಿಂಟು ಕೆಟ್ಟುಹೋಗಬಲ್ಲದು. ಶಬ್ದ ಶುರುವಾದ ಮೇಲೆ ಘಾಟಿ ರಸ್ತೆಗೆ ಇಳಿಯಬೇಡಿ, ಏಕೆಂದರೆ ಜಾಯಿಂಟು ಪೂರ್ತಿ ಬಿಟ್ಟರೆ ಎಂಜಿನ್ ಓಡುತ್ತಿದ್ದರೂ ಚಕ್ರಕ್ಕೆ ಬಲ ಹೋಗುವುದಿಲ್ಲ, ಗಾಡಿ ತಿರುವಿನಲ್ಲೇ ನಿಂತುಬಿಡುತ್ತದೆ. ಗ್ಯಾರೇಜಿಗೆ ಕೊಡುವಾಗ ಎರಡು ಮಾತು ಮೊದಲೇ ಹೇಳಿ: ಜಾಯಿಂಟನ್ನು ತೊಳೆದ ಮೇಲೆ, ಹೊಸ ಗ್ರೀಸು ತುಂಬುವ ಮೊದಲು, ನಿಮಗೆ ತೋರಿಸಬೇಕು, ಮತ್ತು ತೆಗೆದ ಹಳೆಯ ಬೂಟನ್ನು ನಿಮ್ಮ ಕೈಗೆ ಕೊಡಬೇಕು.